ನಗುತ್ತಾ ಗುಣವಾಗುವುದನ್ನು ತಡೆಗಟ್ಟುವ ಬಗ್ಗೆ

ಸಂಖ್ಯೆ: ಚಿಕಿತ್ಸೆ/ಆಟ/ನಿಷೇಧ/೭
ದಿನಾಂಕ: ಮೇಲಧಿಕಾರಿಗಳು ರಜೆಯಿಂದ ಮರಳಿದ ದಿನ

ಸುತ್ತೋಲೆ

ವಿಷಯ: ವಿಕಲಚೇತನ ಮಕ್ಕಳ ಚಿಕಿತ್ಸಾ ಕೊಠಡಿಯಲ್ಲಿ ಆಟ, ನಗು ಹಾಗೂ ತತ್ಸಂಬಂಧಿ ಅಶಿಸ್ತಿನ ಕುರಿತು.

ಉಲ್ಲೇಖ: (ಅ) ತಪಾಸಣಾಧಿಕಾರಿಗಳ ಭೇಟಿ ವರದಿ.
(ಆ) ಒಬ್ಬ ತಾಯಿಯ ಮನವಿ.
(ಇ) ಅದೇ ತಾಯಿಯ ಅದೇ ಮನವಿ, ಮೊದಲನೆಯದು ಕಚೇರಿಯಲ್ಲಿ ಸಿಗದ ಕಾರಣ.

ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳಿಗೆ ವ್ಯಾಯಾಮ ಮಾಡಿಸಲು, ಉಣ್ಣುವುದು, ಉಡುವುದು ಮುಂತಾದ ದಿನನಿತ್ಯದ ಕೆಲಸ ಕಲಿಸಲು ಇಲಾಖೆಯು ಒಂದು ಕೊಠಡಿ ಒದಗಿಸಿರುವುದು ಸರಿಯಷ್ಟೆ. ತಪಾಸಣಾಧಿಕಾರಿಗಳು ಅಲ್ಲಿಗೆ ಹಠಾತ್ ಭೇಟಿ ನೀಡಿದಾಗ ಒಬ್ಬ ಬಾಲಕ ದೊಡ್ಡ ಚೆಂಡಿನ ಮೇಲೆ ಬೋರಲು ಮಲಗಿದ್ದನು. ಮತ್ತೊಬ್ಬನು ಅಕ್ಕಿ ತುಂಬಿದ ಟಬ್ಬಿನೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಗೋಲಿ ಹುಡುಕುತ್ತಿದ್ದನು. ಎಲ್ಲರೂ ಗುಬ್ಬಿ ಎಂದು ಕರೆಯುವ ಐದು ವರ್ಷದ ಬಾಲಕಿ ಉಯ್ಯಾಲೆಯಲ್ಲಿ ಕುಳಿತು ಕಿಲಕಿಲನೆ ನಗುತ್ತಿದ್ದಳು. ಚಿಕಿತ್ಸಕಿಯು “ಇನ್ನೂ ಜೋರಾಗಿ ತಳ್ಳಲಾ ಪುಟ್ಟಿ?” ಎಂದು ಕೇಳಿ, ತಾನೂ ನಕ್ಕಿರುವುದು ದೃಢಪಟ್ಟಿದೆ.

ಔಷಧದ ವಾಸನೆಯಾಗಲಿ ಅಳುವಿನ ಸದ್ದಾಗಲಿ ಎಲ್ಲಿಯೂ ಕಂಡುಬಂದಿಲ್ಲ. ಅಳುವಿಲ್ಲದ ಕಡೆ ಚಿಕಿತ್ಸೆ ನಡೆಯುತ್ತಿದೆ ಎಂದು ನಂಬಲು ಇಲಾಖೆಯ ಕಿವಿಯ ಮೇಲೆ ಯಾರೂ ಹೂ ಇಟ್ಟಿಲ್ಲ. ಆದುದರಿಂದ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

೧. ಉಯ್ಯಾಲೆಯು ಮನರಂಜನಾ ಸಾಮಗ್ರಿಯಾದ್ದರಿಂದ ಅದನ್ನು ಬಿಚ್ಚಿಸಲಾಗಿದೆ. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಮೇಲಧಿಕಾರಿಗಳ ಮನೆಯ ವರಾಂಡದಲ್ಲಿ ತೂಗುಹಾಕಲಾಗಿದ್ದು, ಅದರ ಭಾರ ತಾಳುವ ಶಕ್ತಿಯನ್ನು ಅವರು ಪ್ರತಿ ಸಂಜೆ ಕಾಫಿಯ ಲೋಟದೊಂದಿಗೆ ಖುದ್ದಾಗಿ ಪರೀಕ್ಷಿಸುತ್ತಿದ್ದಾರೆ.

೨. ಚೆಂಡಿನ ಗಾಳಿ ತೆಗೆದು, ಮಡಿಸಿ, ಬೀರುವಿನಲ್ಲಿಡತಕ್ಕದ್ದು. ಮಡಿಸಿದ ಚೆಂಡಿನ ಮೇಲೆ ಮಕ್ಕಳು ಮಲಗಲು ಇಲಾಖೆಯ ಅಭ್ಯಂತರವಿರುವುದಿಲ್ಲ.

೩. ನಗು ತೀರಾ ಅನಿವಾರ್ಯವಾದಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು. ಮುಗುಳ್ನಗೆಗೆ ಕೊಠಡಿಯ ಮೇಲ್ವಿಚಾರಕರು, ಹಲ್ಲು ಕಾಣುವ ನಗುವಿಗೆ ವಿಭಾಗಾಧಿಕಾರಿಗಳು, ಹೊಟ್ಟೆ ಹುಣ್ಣಾಗುವಷ್ಟು ನಗಲು ಮೇಲಧಿಕಾರಿಗಳು ಸಕ್ಷಮ ಪ್ರಾಧಿಕಾರವಾಗಿರುತ್ತಾರೆ. ಹಾಲುಹಲ್ಲು ಬಿದ್ದ ಮಕ್ಕಳ ನಗುವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ಬಗ್ಗೆ ಕಾನೂನು ವಿಭಾಗದ ಅಭಿಪ್ರಾಯ ಕೋರಲಾಗಿದೆ.

೪. ಅಂಗಿಗೆ ಒಂದು ಗುಂಡಿ ಹಾಕಿಕೊಳ್ಳಲು ಕೆಲವು ಮಕ್ಕಳು ಅರ್ಧ ಗಂಟೆ ತೆಗೆದುಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಇದೇ ಕೆಲಸವನ್ನು ಕಚೇರಿಯ ಜವಾನನು ಕಣ್ಣು ಮಿಟುಕಿಸುವುದರೊಳಗೆ ಮಾಡಿ ತೋರಿಸಿದ್ದಾನೆ. ಇನ್ನು ಮುಂದೆ ಎಲ್ಲ ಗುಂಡಿಗಳನ್ನೂ ಅವನೇ ಹಾಕತಕ್ಕದ್ದು. ಪ್ರಗತಿಯನ್ನು ಮಾತ್ರ ಮಕ್ಕಳ ಹೆಸರಿನಲ್ಲಿ ತೋರಿಸತಕ್ಕದ್ದು.

೫. ಉಯ್ಯಾಲೆಯನ್ನು ಮರಳಿ ಕೊಡಬೇಕೆಂದು ಗುಬ್ಬಿಯ ತಾಯಿ ಮನವಿ ಸಲ್ಲಿಸಿದ್ದು, ಕಚೇರಿಯಲ್ಲಿ ಈ ಕೆಳಗಿನಂತೆ ಹೇಳಿರುತ್ತಾರೆ: “ಹುಟ್ಟಿದಾಗಿಂದ ಇವಳ ಎಡಗೈ ಮುಷ್ಟಿ ಬಿಚ್ಚಿರ್ಲಿಲ್ಲ ಸಾರ್. ಉಯ್ಯಾಲೆ ಹಗ್ಗ ಹಿಡ್ಕೊಳ್ಳೋ ಆಸೆಗೆ ಈಗೀಗ ಒಂದೊಂದೇ ಬೆರಳು ಬಿಡಿಸ್ತಿದ್ಳು. ಅದನ್ನೂ ಕಿತ್ಕೊಂಡ್ರೆ ನಾನು ಎಲ್ಲಿಗೆ ಹೋಗ್ಲಿ?” ಈ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ತಾಯಿಯು ಮೂರನೇ ಮಹಡಿಯ ಅಹವಾಲು ವಿಭಾಗಕ್ಕೆ ಹೋಗತಕ್ಕದ್ದೆಂದು ಉತ್ತರಿಸಲಾಯಿತು. ಲಿಫ್ಟಿನ ಉದ್ಘಾಟನೆಗೆ ಗಣ್ಯರ ಬಿಡುವು ಸಿಗುವವರೆಗೆ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದನ್ನು ತಾಯಿಗೆ ನೀಡಿದ ಉಚಿತ ವ್ಯಾಯಾಮವೆಂದು ಪರಿಗಣಿಸಲಾಗುವುದು.

೬. ತಾಯಿಯು ಅದರಂತೆ ಹತ್ತಿ ಬಂದ ಮೇಲೆ ವಿಚಾರಣೆ ನಡೆಸಲಾಯಿತು. ಮೇಲಧಿಕಾರಿಗಳು ಮುಷ್ಟಿಯನ್ನು ಪರಿಶೀಲಿಸಲು ಬಾಗಿದಾಗ, ಸದರಿ ಬಾಲಕಿಯು ಸದರಿ ಎಡಗೈಯನ್ನು ಬಿಚ್ಚಿ, ಅವರ ಮೂಗಿನ ಮೇಲಿದ್ದ ಕನ್ನಡಕವನ್ನು ಕಿತ್ತುಕೊಂಡಿರುತ್ತಾಳೆ. ಹಿಂದಿರುಗಿಸಲು ಕೋರಿದಾಗ ಪೂರ್ವಾನುಮತಿಯಿಲ್ಲದೆ ನಕ್ಕಿರುತ್ತಾಳೆ. ತಾಯಿಯು “ಬಿಚ್ಚಿದ್ಳು! ಸಾರ್, ನೋಡಿ, ಬಿಚ್ಚಿದ್ಳು ನನ್ ಕಂದ!” ಎಂದು ಕೂಗಿ ಕಚೇರಿಯಲ್ಲಿಯೇ ಅತ್ತಿರುತ್ತಾರೆ. ಅಳುವಿಗೆ ಅನುಮತಿಯ ಅಗತ್ಯವಿಲ್ಲದ ಕಾರಣ ಯಾವುದೇ ಕ್ರಮ ಜರುಗಿಸಿಲ್ಲ.

೭. ಉಯ್ಯಾಲೆಯ ನೆರವಿಲ್ಲದೆ ಕೈ ಬಿಚ್ಚಿರುವುದು ಮೇಲಧಿಕಾರಿಗಳ ಸಮಕ್ಷಮದಲ್ಲಿಯೇ ಸಾಬೀತಾಗಿರುವುದರಿಂದ, ಬಾಲಕಿಯು ಸಂಪೂರ್ಣ ಗುಣಮುಖಳೆಂದು ಘೋಷಿಸಿ ಅವಳ ಚಿಕಿತ್ಸೆಯನ್ನು ಇಂದಿನಿಂದಲೇ ನಿಲ್ಲಿಸಲಾಗಿದೆ. ಇದಕ್ಕೆ ಚಿಕಿತ್ಸಕಿಯು “ಈಗಷ್ಟೇ ಶುರುವಾಗಿದೆ ಸಾರ್, ಬಿಟ್ಬಿಟ್ರೆ ಮತ್ತೆ ಮುಚ್ಕೊಂಡ್ಬಿಡುತ್ತೆ” ಎಂದು ಅಧಿಕಪ್ರಸಂಗ ಮಾಡಿದ್ದು, ಅವರಿಂದ ವಿವರಣೆ ಕೇಳಲಾಗಿದೆ. ಕೈ ಮತ್ತೆ ಮುಚ್ಚಿಕೊಂಡಲ್ಲಿ ಅದು ಹೊಸ ಪ್ರಕರಣವಾಗುತ್ತದೆ. ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯ ಮೇಲೆ, ಮುಚ್ಚಿಕೊಂಡಿರುವ ಕೈಯ ಐದೂ ಬೆರಳುಗಳ ಗುರುತನ್ನು ಸ್ಪಷ್ಟವಾಗಿ ಒತ್ತಿರತಕ್ಕದ್ದು.

ಈ ಸೂಚನೆಗಳನ್ನು ಎಲ್ಲ ಮಕ್ಕಳೂ ಎದ್ದುನಿಂತು ಕೇಳತಕ್ಕದ್ದು. ನಿಲ್ಲಲಾಗದವರು ನಿಲ್ಲಲಾಗದಿರುವುದಕ್ಕೆ ಕಾರಣ ನೀಡತಕ್ಕದ್ದು.

ಸಹಿ/-
ಮೇಲಧಿಕಾರಿಗಳು
(ಕನ್ನಡಕದ ಅಲಭ್ಯತೆಯಿಂದಾಗಿ ಓದದೆ ಸಹಿ ಮಾಡಲಾಗಿದೆ)

ಪ್ರತಿಗಳು:
ತಪಾಸಣಾಧಿಕಾರಿಗಳಿಗೆ: ಅಭಿನಂದನೆಗಳೊಂದಿಗೆ.
ಚಿಕಿತ್ಸಕಿಗೆ: ಮುಖ ಗಂಟಿಕ್ಕಿಕೊಂಡು ಓದಲು.
ಜವಾನನಿಗೆ: ಗುಂಡಿಗಳ ಸಂಬಂಧ ಮುಂದಿನ ಕ್ರಮಕ್ಕಾಗಿ.
ಮೇಲಧಿಕಾರಿಗಳ ಮನೆಗೆ: ವರಾಂಡದ ಕೊಕ್ಕೆಗೆ ಎಣ್ಣೆ ಬಿಡುವ ಕೋರಿಕೆಯೊಂದಿಗೆ.
ಗುಬ್ಬಿಯ ತಾಯಿಗೆ: ಮಾಹಿತಿಗಾಗಿ. ಮಗಳ ಕೈ ಮತ್ತೆ ಮುಚ್ಚಿಕೊಳ್ಳುವ ಮೊದಲೇ ಬೆರಳ ಗುರುತು ಒತ್ತಿಸಿಟ್ಟುಕೊಂಡಿರಲು ಸಲಹೆ ನೀಡಲಾಗಿದೆ.