ಹಲಬರ್ಗಾದ ಸೊನ್ನೆ ಕುರಿಗಳು

ಭಾಲ್ಕಿ ತಾಲ್ಲೂಕಿನ ಹಲಬರ್ಗಾದ ಪುತಳಾಬಾಯಿಯವರ ಕುರಿಗಳ ಸಂಖ್ಯೆ ಸೊನ್ನೆ ಎಂಬುದು ಅಧಿಕೃತವಾಗಿ ಸ್ಥಿರಪಟ್ಟ ಸಂಗತಿ. ಸದರಿ ಕುರಿಗಳು ದೊಡ್ಡಿಯಲ್ಲಿ ನಿಂತು ಒದರುತ್ತಿರುವುದರಿಂದ ಈ ಸಂಗತಿಗೆ ಯಾವ ಬಾಧೆಯೂ ಇಲ್ಲ.

ಕುರಿ ಗಣತಿಯವರು ಬಂದು ಎಷ್ಟೆಂದು ಕೇಳಿದಾಗ ಆಕೆ, “ದೇವರು ಕೊಟ್ಟಷ್ಟು ಅವ ರೀ” ಎಂದಿದ್ದರು. ಅವರ ಮನೆತನದಲ್ಲಿ ಯಾರೂ ಹಿಂಡಿನ ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗಿ ಹಿಂಡು ಕರಗುತ್ತದೆ. ಗಣತಿಯವರು ಪ್ರಾಮಾಣಿಕರು. ಹೇಳಿದ್ದನ್ನೇ ಮೊಬೈಲಿನಲ್ಲಿ ಒತ್ತಿದರು.

ಹೀಗೆ ಬಂದ ಉತ್ತರಗಳನ್ನು ಪೂರ್ಣಾಂಕಕ್ಕೆ ಬದಲಿಸುವ ಪ್ರೋಗ್ರಾಂ ಬರೆದವಳು ಮೈಲೂರಿನ ಅನುಗ್ರಹ, ಬೀದರಿನಲ್ಲಿ ಈಗಷ್ಟೇ ಕೋರ್ಸ್ ಮುಗಿಸಿದವಳು. ಅವಳು ಮೊದಲೇ ಎಚ್ಚರಿಸಿದ್ದಳು.

“ಸರ್, ಅಂಕಿ ಇದ್ರ ಸಂಖ್ಯಾ ಆಗ್ತದ್ರಿ. ಬರೇ ಮಾತಿದ್ರ ಪ್ರೋಗ್ರಾಂ ನಿಂತುಬಿಡ್ತದ.”

“ನಿಂದರಬಾರದವ್ವ. ಮ್ಯಾಲಿನವ್ರು ಕೇಳ್ತಾರ,” ಎಂದರು ಪಶು ಇಲಾಖೆಯ ಅಧಿಕಾರಿ ಜೀವನಕುಮಾರ.

“ಹಂಗಾರ ಸೊನ್ನಿ ಅಂತ ತಿಳ್ಕೋ ಅಂತ ಹೇಳ್ಲೇನ್ರಿ?”

“ಹೇಳು. ಸೊನ್ನಿ ಯಾರಿಗೂ ತೊಂದ್ರಿ ಕೊಡಂಗಿಲ್ಲ.”

ಅದೇ ದಿನ ಆದೇಶ ಹೊರಟಿತು: ‘ಪೂರ್ಣಾಂಕವಾಗಲು ಒಪ್ಪದ ಯಾವುದೇ ಉತ್ತರವನ್ನು ಸೊನ್ನೆಯೆಂದು ಪರಿಗಣಿಸತಕ್ಕದ್ದು.’

ಮುಂದೆ ಅದೇ ತಾಲ್ಲೂಕಿನ ಭಾತಂಬ್ರಾದಲ್ಲಿ ಹಿರೇಬೇನೆ ಬಿದ್ದು ಕುರಿಗಳು ಸಾಯತೊಡಗಿದವು. ಪುತಳಾಬಾಯಿ ಹಿಂಡನ್ನೇ ಹೊಡೆದುಕೊಂಡು ಭಾಲ್ಕಿ ಕಚೇರಿಗೆ, ಜೀವನಕುಮಾರರ ಮುಂದೆ ಬಂದರು.

“ಸಾಹೇಬ್ರ, ಇವಕ್ಕ ಲಸಿಕಿ ಹಾಕ್ರಿ. ಬ್ಯಾನಿ ಊರ ಬಾಗಲಕ್ಕ ಬಂದದ.”

“ನಿಮ್ಮ ಹಂತ್ಯಾಕ ಕುರಿ ಇಲ್ಲಲ್ಲ ಬಾಯಿ.”

“ಇವೇನ್ ಮತ್ತ, ನಾಯಿಗಳೇನ್ರಿ?”

“ಕುರಿನೇ. ನನಗೂ ಕಾಣ್ತಾವ. ಕಂಪ್ಯೂಟರಿಗಿ ಕಾಣಂಗಿಲ್ಲ. ಎಷ್ಟವ ಹೇಳ್ರಿ, ಲಸಿಕಿ ತರಸ್ತೇನಿ.”

“ನಾ ಹೇಳಂಗಿಲ್ಲ. ನಿಮಗ ಕಣ್ಣಿಲ್ಲೇನು? ಎಣಸ್ರಿ.”

“ಎಣಸೋ ಅಧಿಕಾರ ನಮಗಿಲ್ರಿ. ಮಾಲಕ್ರೇ ಹೇಳಬೇಕು.”

ಹೇಳಿದರೆ ದೃಷ್ಟಿ, ಹೇಳದಿದ್ದರೆ ಬೇನೆ. ಆಕೆ ಕಚೇರಿ ಮೆಟ್ಟಿಲ ಮೇಲೆ ಕುಂತರು. ಕುರಿಗಳು ಕಚೇರಿಯ ತುಳಸಿ ತಿಂದವು. ದಂಡ ಹಾಕಲು ಬರಲಿಲ್ಲ. ತಿಂದ ಕುರಿಗಳ ಸಂಖ್ಯೆ ಸೊನ್ನೆ.

ಕೊನೆಗೆ ಅನುಗ್ರಹ ಪರದೆ ನೋಡಿ ಹೇಳಿದಳು: “ಅಕ್ಕ, ಜಿಲ್ಲಾದ ಲಸಿಕಿ ಎಲ್ಲಾ ಔರಾದಿಗಿ ಹೋಗ್ಯಾದ್ರಿ. ಅಲ್ಲಿ ಪಂಕ್ಚರ್ ಅಂಗಡಿ ಏಜಾಜ ಭಾಯಿ ಹಂತ್ಯಾಕ ಒಂಬೈನೂರು ಕೋಟಿ ಕುರಿ ಅವ.”

ಏಜಾಜರಿಗೆ ಒಂದು ಕುರಿಯೂ ಇರಲಿಲ್ಲ. ಗಣತಿಯವರು ಅವಸರದಲ್ಲಿ ಅವರ ಮೊಬೈಲ್ ನಂಬರನ್ನು ಕುರಿಗಳ ಖಾನೆಯಲ್ಲಿ ಒತ್ತಿದ್ದರು. ಅದು ಎಲ್ಲೂ ಎಡವದೆ ಪೂರ್ಣಾಂಕವಾಗಿತ್ತು.

ಪುತಳಾಬಾಯಿ ಹಿಂಡನ್ನು ಔರಾದಿಗೆ ನಡೆಸಿದರು. ಅಲ್ಲಿ ಏಜಾಜ, ಲಸಿಕೆ ಪೆಟ್ಟಿಗೆಗಳ ನಡುವೆ ಟ್ಯೂಬ್ ಇಡಲೂ ಜಾಗವಿಲ್ಲದೆ ನಿಂತಿದ್ದರು.

“ಆವೋ ಆಪಾ, ಬಾರಕ್ಕ! ನನ್ನ ಕುರಿ ಬಂದ್ವು ನೋಡ್ರಿ!” ಎಂದು ಕೂಗಿದರು.

“ನಿನ್ನವಾ?” ಎಂದರು ಪುತಳಾಬಾಯಿ. ಸೂಜಿ ಹಿಡಿದು ನಿಂತ ಡಾಕ್ಟರನ್ನು ನೋಡಿದರು. “ಹೂಂನಪ್ಪ, ನಿನ್ನವೇ. ಲಗು ಚುಚ್ಚಸು.”

ಲಸಿಕೆ ಆಯಿತು. ಒಂದೂ ಸಾಯಲಿಲ್ಲ. ಇಲಾಖೆಯು ಏಜಾಜರನ್ನು ಶ್ರೇಷ್ಠ ಕುರಿಗಾರರೆಂದು ಸನ್ಮಾನಿಸಿತು. ಪುತಳಾಬಾಯಿಯವರಿಗೆ ಏಜಾಜರ ಕುರಿ ಮೇಯಿಸಲು ಅನುಮತಿ ಪತ್ರ ಕೊಟ್ಟಿತು. ಏಜಾಜ ಈಗ ಪ್ರತಿ ಶುಕ್ರವಾರ ನಮಾಜು ಮುಗಿಸಿ ಹಲಬರ್ಗಾಕ್ಕೆ ಬಂದು, ಮೇವು ಸಾಲದೆಂದು ಪುತಳಾಬಾಯಿಯವರನ್ನು ಗದರಿಸುತ್ತಾರೆ. ಆಕೆ ಮಾಲಕರಿಗೆ ಚಾ ಕಾಸುತ್ತಾರೆ. ಕುರಿಗಳೂ ಈಗೀಗ ಏಜಾಜರ ಸಿಳ್ಳೆಗೆ ತಿರುಗಿ ನೋಡುತ್ತವೆ.