ಮುತ್ತತ್ತಿರಾಯನ ಪ್ಯಾನ್ ಕಾರ್ಡು

ಹಿದುಕಿದ ಬೇಳೆ ಸಾರಿಗೆಂದು ನೆನೆದ ಅವರೆಕಾಳನ್ನು ಒಂದೊಂದೇ ಹಿಸುಕುತ್ತಿದ್ದಾಗ ಫೋನು ಬಂತು. ಮಂಡ್ಯದ ಒಂದು ಗ್ರಂಥಾಲಯದವರು. ನಾನು ಬರೆದು, ನಾನೇ ಅಚ್ಚು ಹಾಕಿಸಿದ ‘ನೈವೇದ್ಯ ಭಾಗ್ಯ’ ಎಂಬ ಅಡುಗೆ ಪುಸ್ತಕದ ಒಂದು ಸ್ಯಾಂಪಲ್ ಪ್ರತಿಯನ್ನು ಅವರಿಗೆ ಕಳಿಸಿದ್ದೆ. ಈಗ ಪುಸ್ತಕವನ್ನು ಕೊಳ್ಳುತ್ತಾರಂತೆ! ಸೋಮವಾರದೊಳಗೆ ಆದಾಯ ತೆರಿಗೆ ಫಾರಂ ತುಂಬಿದ ರಸೀತಿ ಕಳಿಸಬೇಕಂತೆ, ಅಷ್ಟೇ.

ಕೈಯಲ್ಲಿದ್ದ ಕಾಳು ಹಾರಿ ಯಜಮಾನರ ಪೇಪರಿನ ಮೇಲೆ ಬಿತ್ತು. ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಒಮ್ಮೆ ಲಗ್ನಪತ್ರಿಕೆಯಲ್ಲಿ, ಇನ್ನೊಮ್ಮೆ ಈ ಪುಸ್ತಕದಲ್ಲಿ. ಅದು ಮಂಚದ ಕೆಳಗಿಂದೆದ್ದು ಗ್ರಂಥಾಲಯದ ಕಪಾಟಿನಲ್ಲಿ ಕೂರುವುದೆಂದರೆ ಸಣ್ಣ ಮಾತೇ?

“ಫಾರಂ ತಾನೇ? ಪಾಕದ ಹದ ಹಿಡಿಯೋಳ್ಗೆ ಫಾರಮ್ಮು ಯಾವ ಲೆಕ್ಕ!” ಎಂದೆ.

“ಓದ್‌ಸಲ ಗ್ಯಾಸಿನ ಫಾರಂನಾಗೆ, ಗಂಡ ಅನ್ನೋ ಕಡೆ ‘ಇದಾರೆ’ ಅಂತ ಬರ್ದಿದ್ದೆ ಕಣಮ್ಮಿ,” ಎಂದರು ಯಜಮಾನರು.

ಹಾಗಾಗಿ ಮಳವಳ್ಳಿ ಬಸ್‌ಸ್ಟ್ಯಾಂಡಿನ ಪಕ್ಕ ತೆರಿಗೆ ಫಾರಂ ತುಂಬಿಕೊಡುವ ಚೆಲುವರಾಜುವಿನ ಬಳಿ ಹೋದೆವು. ಅವನು ಪುಸ್ತಕದ ಮೊದಲ ಪುಟ ತೆರೆದ. ‘ಸಕಲ ಹಕ್ಕುಗಳೂ ಶ್ರೀ ಮುತ್ತತ್ತಿರಾಯನ ಪಾದಕ್ಕೆ’ ಎಂದು ನಾನು ಭಕ್ತಿಯಿಂದ ಹಾಕಿಸಿದ್ದೆ. ನಮ್ಮ ಮನೆಯಲ್ಲಿ ಮೊದಲ ತೆನೆ, ಮೊದಲ ಬೆಣ್ಣೆ ಎಲ್ಲವೂ ಮುತ್ತತ್ತಿಯ ಆಂಜನೇಯನಿಗೇ. ಮೊದಲ ಪುಸ್ತಕ ಮಾತ್ರ ತಪ್ಪಿಸಲಾದೀತೆ?

“ಅಲ್ಲ ಕಣಕ್ಕ, ಹಕ್ಕೆಲ್ಲ ದೇವ್ರುದ್ದು ಅಂದ್ಮೇಲೆ ವರಮಾನಾನೂ ಅವ್ರುದ್ದೇಯ. ನಿನ್ನೆಸ್ರಲ್ಲಿ ಫಾರಂ ಎಂಗ್ ತುಂಬ್ಲಿ? ಅವ್ರ ಪ್ಯಾನ್ ಕಾರ್ಡ್ ತತ್ತಾ.”

“ಬ್ರಹ್ಮಚಾರಿ ಕಣಪ್ಪ ಅವ್ನು. ಸಂಸಾರ್ವೇ ಇಲ್ಲ, ಪ್ಯಾನ್ ಕಾರ್ಡ್ ಎಲ್ಲಿಂದ ಬತ್ತದೆ?”

“ತಂದೆ ಎಸ್ರು?”

“ವಾಯುದೇವ.”

“ಅವ್ರ ವಿಳಾಸ?”

“ಎಲ್ಲಾ ಕಡೇನೂ!”

“ಅಂಗಾರೆ ಓಗಿ, ಹಕ್ಕು ವಾಪಸ್ ಕೊಟ್ಟಿವ್ನಿ ಅಂತ ಆ ವಾಯುದೇವ್ರ ಮಗನ ಕೈಲೇ ಬರೆಸ್ಕಂಡ್ ಬಾ,” ಎಂದ ಚೆಲುವರಾಜು. ಮುಖದಲ್ಲಿ ನಗುವಿನ ಲವಲೇಶವೂ ಇರಲಿಲ್ಲ. ಅವನು ತಮಾಷೆ ಮಾಡುವುದೇ ಹಾಗೆಂದು ನನಗೆ ತಿಳಿದದ್ದು ತಡವಾಗಿ!

ಭಾನುವಾರ ಮುತ್ತತ್ತಿಗೆ ಹೋದೆವು. ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಹೂಪ್ರಸಾದ ಕೇಳಲು ನಿಂತೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯಿಂದಾದರೆ ಇಲ್ಲ.

“ಏನ್ ಕೇಳ್ಕತೀರವ್ವ? ಮಗಳ ಮದ್ವೆನಾ, ಮೈಗ್ ಉಸಾರಿಲ್ವಾ?” ಎಂದರು ಪೂಜಾರರು.

“ಹಕ್ಕುಸ್ವಾಮ್ಯ, ಸ್ವಾಮಿ.”

ಮಂಗಳಾರತಿ ತಟ್ಟೆ ಗಾಳಿಯಲ್ಲೇ ನಿಂತಿತು. “ಅದ್ಯಾವ್ ಸೀಮೆ ಕಾಯ್ಲೆನವ್ವ?”

ಕಣ್ಣು ಮುಚ್ಚಿದೆ. “ಅಪ್ಪಾ, ಕೊಟ್ಟಿದ್ದ ವಾಪಸ್ ಕೇಳ್ತಾವ್ನಿ, ಮುನಿಸ್ಕಬ್ಯಾಡ. ಪುಣ್ಯ ನಿಂಗೇ ಇರ್ಲಿ, ತೆರಿಗೆ ಮಾತ್ರ ನಂಗ್ ಬುಡು.”

ಬಲಗಡೆಯಿಂದ ಸೇವಂತಿಗೆ ಜಾರಿತು! ನನ್ನ ಅಂಗೈಗೆ ಬಂದ ಆ ಹೂವಿನ ಫೋಟೋವನ್ನು ಯಜಮಾನರು ಮೊಬೈಲಿನಲ್ಲಿ ತೆಗೆದರು.

ಸೋಮವಾರ ಬೆಳಿಗ್ಗೆ ಅದನ್ನು ಚೆಲುವರಾಜುವಿನ ಮುಂದೆ ಹಿಡಿದು “ದಾಖಲೆ!” ಎಂದೆ.

ಅವನು ಕುರ್ಚಿ ಸಮೇತ ಹಿಂದಕ್ಕೆ ಬೀಳುವುದೊಂದು ಬಾಕಿ. “ಅಯ್ಯೋ ಅಕ್ಕಾ, ತಮಾಸೆಗಂದ್ನಲ್ಲಾ! ಒಂದ್ ಚೀಟಿ ಮೆತ್ತಿದ್ರೆ ಆಗೋದು!” ಆ ಪುಟಕ್ಕೆ ‘ಹಕ್ಕುಗಳು: ಲೇಖಕಿಯವು’ ಎಂಬ ಚೀಟಿ ಅಂಟಿಸಿ ಫಾರಂ ತುಂಬತೊಡಗಿದ.

“ಎಷ್ಟ್ ಪುಸ್ತಕ ಮಾರಿದ್ದೀಯಕ್ಕ?”

“ಮಾರಾದಾ? ಮನೆಗ್ ಬಂದೋರ್ಗೆಲ್ಲ ಅರಿಸಿನ ಕುಂಕುಮದ್ ಜೊತೆ ಕೊಟ್ಟಿವ್ನಿ.”

“ಅಂಗಾರೆ ವರಮಾನ ಸೊನ್ನೆ.”

ಒಂದು ಸೊನ್ನೆಗಾಗಿ ಭಗವಂತನನ್ನೇ ಕಟಕಟೆಗೆ ಎಳೆದಿದ್ದೆ!

ಇರಲಿ. ರಸೀತಿಯನ್ನೂ, ಚೀಟಿ ಅಂಟಿಸಿದ ಪುಟದ ಫೋಟೋವನ್ನೂ ಗ್ರಂಥಾಲಯಕ್ಕೆ ಕಳಿಸಿದೆವು. ಸಂಜೆ ಅವರ ಫೋನು.

“ರಸೀತಿ ಸರಿಯಾಗೇ ಅದೆ ಕಣಮ್ಮ. ಆದ್ರೆ ನೀವು ಕಳ್ಸಿದ್ದ ಸ್ಯಾಂಪಲ್ ಪ್ರತೀಲಿ ಮುತ್ತತ್ತಿರಾಯನ ಎಸ್ರು ನೋಡಿ, ಸ್ತೋತ್ರದ ಪುಸ್ತಕ ಅಂತ ದೇವ್ರ ಪಟ್ಟೀಲಿ ಸೇರಿಸಿದ್ವಿ. ಈಗ ದೇವ್ರ ಮೇಲೇ ಚೀಟಿ ಮೆತ್ತಿದೀರಲ್ಲ ಯಾಕೆ ಅಂತ ಒಳಗ್ ತೆಗ್ದು ನೋಡಿದ್ರೆ ಬರೀ ಒಬ್ಬಟ್ಟು, ಕಜ್ಜಾಯ! ಅಡುಗೆ ಪಟ್ಟಿ ಆಗ್ಲೇ ತುಂಬೋಗ್ಯದೆ, ಕೊಳ್ಳಕ್ಕಾಗಲ್ಲ.”

ದೇವರ ಹೆಸರಿನಲ್ಲಿದ್ದಾಗ ಓದದೆಯೇ ಕೊಳ್ಳಲು ಸಿದ್ಧರಿದ್ದರು. ನನ್ನ ಹೆಸರಿಗೆ ಬಂದ ಗಳಿಗೆಯಲ್ಲೇ ಓದಿಬಿಟ್ಟರು!

ಸ್ಯಾಂಪಲ್ ಪ್ರತಿಯನ್ನಾದರೂ ಹಿಂದಿರುಗಿಸಿ ಎಂದೆ. ಅಂಚೆ ಖರ್ಚಿಗೆ ಅವಕಾಶವಿಲ್ಲವಂತೆ, ಕಪಾಟಿನಲ್ಲೇ ಇಟ್ಟುಕೊಳ್ಳುತ್ತಾರಂತೆ. ಅಷ್ಟಾದರೂ ಕರುಣಿಸಿದನಲ್ಲ, ಮುತ್ತತ್ತಿರಾಯ ದೊಡ್ಡವನು!

“ಬುಡು, ಇಷ್ಟ್ ಹೆಣ್ಮಕ್ಳಲ್ಲಿ ಒಬ್ಬಳಾದ್ರೂ ಲೈಬ್ರರಿ ಸೇರ್ಕಂಡ್ಲಲ್ಲ,” ಎಂದು ಯಜಮಾನರು ಉಳಿದ ಪುಸ್ತಕಗಳನ್ನು ಕಾಲಿನಿಂದ ಮಂಚದಡಿಗೆ ತಳ್ಳಿದರು.

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹಿಟ್ಟು ಹಾಕಿ ಮುದ್ದೆ ತಿರುವಲು ಎದ್ದೆ.