ನಾನು ವಾರ್ನಿಷ್ ಹಚ್ಚಿದ ಮೇಜು

"ನೋಡ್ತಾ ಇರಿ! ಈ ಮೇಜಿಗೆ ನಾನೇ ವಾರ್ನಿಷ್ ಹಚ್ಚಿ, ಅದರಲ್ಲಿ ನಿಮ್ಮ ಮುಖ ಕಾಣೋ ಹಾಗೆ ಮಾಡ್ತೀನಿ!" ಎಂದು ಬೇ ಏರಿಯಾದ ಬೆರ್ರಿಯೆಸಾ ಬಡಾವಣೆಯ ನಮ್ಮ ಮನೆಯ ಹಾಲಿನ ನಡುವೆ ನಿಂತು ಘೋಷಿಸಿದೆ.

ಊಟದ ಮೇಜಿನ ತುಂಬ ಕಾಫಿ ಲೋಟದ ಗುರುತುಗಳು. ಹೊಸದು ಕೊಳ್ಳೋಣವೆಂದು ನಮ್ಮ ಯಜಮಾನರು ಶಿವರಾಜ ಒಂದೇ ಸಮನೆ ಜಪ ಮಾಡುತ್ತಿದ್ದರು.

"ಬಿಂದು, ಕೆಟ್ಟುಹೋದ್ರೆ?"

"ಕೆಟ್ಟರೆ ನಿಮಗಿಷ್ಟ ಬಂದದ್ದು ತನ್ನಿ. ಆಮೇಲೆ ಮೇಜಿನ ವಿಷಯದಲ್ಲಿ ನಾನು ಬಾಯಿ ತೆಗೆದ್ರೆ ಕೇಳಿ!"

"ನೀನು? ಬಾಯಿ ತೆಗೆಯೋದಿಲ್ವಾ? ಹಾಗಾದ್ರೆ ಈಗಲೇ ಶುರು ಮಾಡು!"

ಮೇಜು ಗ್ಯಾರೇಜಿಗೆ ಹೋಯಿತು. ವಿಡಿಯೋ ನೋಡಿ ನೋಡಿ ಉಪ್ಪುಕಾಗದದಿಂದ ಉಜ್ಜಿದೆ. ಆ ಧೂಳೆಲ್ಲ ತಲೆಯ ಮೇಲೆ ಕೂತು, ವಿಡಿಯೋ ಮೀಟಿಂಗಿನಲ್ಲಿ ನನ್ನ ಮ್ಯಾನೇಜರು "ರಜೆ ಏನಾದ್ರೂ ಬೇಕಾ?" ಎಂದು ಕನಿಕರದಿಂದ ಕೇಳುವಷ್ಟು ನನಗೆ ವಯಸ್ಸಾಯಿತು! ಆದರೂ ಬಿಡಲಿಲ್ಲ. ಒಂದು ಬೆಳಿಗ್ಗೆ ವಾರ್ನಿಷ್ಷಿನ ಕೊನೆಯ ಕೋಟು ಬಳಿದೆ. ಆಹಾ! ನನ್ನ ಮೂಗುಬೊಟ್ಟು ಕೂಡ ಅದರೊಳಗೆ ಮಿಂಚಿತು.

"ಒಣಗೋವರೆಗೆ ಯಾರೂ ಮುಟ್ಟಕೂಡದು!" ಎಂದು ರಾಜಾಜ್ಞೆ ಹೊರಡಿಸಿ ಆಫೀಸು ಕೆಲಸಕ್ಕೆ ಕೂತೆ. ಅಂದು ಆಯುಧಪೂಜೆ ಎನ್ನುವುದು ನನಗೆ ನೆನಪೇ ಇರಲಿಲ್ಲ. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಶರಣವ್ವನವರಿಗೆ ಚೆನ್ನಾಗಿ ನೆನಪಿತ್ತು!

ಕೆಲಸ ಮುಗಿಸಿ ಗ್ಯಾರೇಜಿನ ಬಾಗಿಲು ತೆಗೆದರೆ, ಕಾರಿನ ಹಣೆಗೆ ವಿಭೂತಿ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೂವಿನ ಹಾರ. ನನ್ನ ಬ್ರಷ್ಷಿಗೂ ಕುಂಕುಮ! ಮತ್ತು ನನ್ನ ಮೇಜು? ಅರಿಶಿನ, ಕುಂಕುಮ, ಅಕ್ಷತೆ, ಚೆಂಡುಹೂವಿನ ಎಸಳು, ಎಲ್ಲವೂ ಹಸಿ ವಾರ್ನಿಷ್ಷಿನಲ್ಲಿ ಹಾಯಾಗಿ ಮಲಗಿದ್ದವು.

"ಅತ್ತೇ! ಮುಟ್ಟಬೇಡಿ ಅಂದಿದ್ದೆನಲ್ಲ!"

"ನಾ ಎಲ್ಲಿ ಮುಟ್ಟೇನಿ? ದೂರ ನಿಂತ ಹೂವು ಕುಂಕುಮ ಉಗ್ಗೇನಿ! ಇಷ್ಟ ಚಂದ ಮಾಡೀದಿ, ದೃಷ್ಟಿ ಆಗಬಾರದಂತ ನಿನ್ನ ಮೇಜಿಗೆ ಒಂದ ಮುಷ್ಟಿ ಜಾಸ್ತೀನ ಹಾಕೇನಿ."

ಅವರ ಪ್ರೀತಿಗೆ ಕರಗಿದೆ, ಮೇಜು ನೋಡಿ ಕುದಿದೆ. ತಕ್ಷಣ ಒಂದು ಮಹಾ ಉಪಾಯ ಹೊಳೆಯಿತು. ಅಂಗಳದ ತರಗೆಲೆ ಊದುವ ಲೀಫ್ ಬ್ಲೋವರ್ ತಂದು ಗುರಿಯಿಟ್ಟು ಗುಂಡಿ ಒತ್ತಿದೆ. ಮೇಜಿನ ಮೇಲಿನ ಒಂದು ಎಸಳೂ ಅಲುಗಲಿಲ್ಲ. ಕಾರಿನ ಹೂವು, ಸೈಕಲ್ಲಿನ ಹೂವು, ತಟ್ಟೆಯಲ್ಲಿ ಉಳಿದಿದ್ದ ವಿಭೂತಿ, ಎಲ್ಲವೂ ಎದ್ದು ಬಂದು ಮೇಜಿಗೇ ಶರಣಾದವು!

ಸದ್ದು ಕೇಳಿ ಓಡಿಬಂದ ಯಜಮಾನರಿಗೆ ಇಬ್ಬರು ಬಿಳೀ ಮುಖದವರು ಕಂಡರು. ಒಬ್ಬರು ಕೆಮ್ಮುತ್ತಿದ್ದರು, ಇನ್ನೊಬ್ಬರು "ಶಿವ ಶಿವಾ" ಅನ್ನುತ್ತಿದ್ದರು.

"ಸೋತೆ ತಾನೆ? ಹೊಸ ಟೇಬಲ್ಲಿಗೆ ಆರ್ಡರ್ ಮಾಡ್ತೀನಿ. ಮಾತು ಕೊಟ್ಟಿದ್ದು ನೆನಪಿದೆಯಲ್ಲ?"

ತಲೆ ಮಾತ್ರ ಆಡಿಸಿದೆ. ಕೋಪಕ್ಕೆ, ಡಬ್ಬಿಯಲ್ಲಿ ಉಳಿದಿದ್ದ ವಾರ್ನಿಷ್ಷನ್ನೆಲ್ಲ ಆ ಹೂವು ಕುಂಕುಮದ ಮೇಲೆಯೇ ಬಳಿದುಬಿಟ್ಟೆ!

ಹೊಸದು ಬರುವುದು ತಡವಾಯಿತು. ಬೇರೆ ಗತಿಯಿಲ್ಲದೆ, ಒಣಗಿದ ಅದೇ ಮೇಜನ್ನು ಹಾಲಿಗೆ ತಂದೆವು. ಆ ಭಾನುವಾರವೇ ಸ್ಯಾನ್ ರಮೋನಿನಿಂದ ನನ್ನ ಗೆಳತಿ ನಿಸರ್ಗಾ ಊಟಕ್ಕೆ ಬರಬೇಕೆ? ಇವಳ ಬಾಯಿಗೆ ಬಿದ್ದರೆ ಬೇ ಏರಿಯಾದ ಕನ್ನಡಿಗರೆಲ್ಲ ಸೇರಿ ನಗುತ್ತಾರೆ ಎಂದು ನಾನು ಅಡುಗೆಮನೆಯಲ್ಲೇ ಅವಿತೆ.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದಿತು ಅವಳ ದನಿ. "ಬಿಂದೂ, ಗಾಜಿನೊಳಗೆ ಹೂವು ಇಟ್ಟ ಹಾಗಿದೆ ಕಣೇ! ಎಲ್ಲಿ ತಗೊಂಡ್ರಿ? ಯಾರು ಮಾಡಿದ್ದು?"

ಅವಿತಿದ್ದವಳು ಬಾಣದಂತೆ ಹಾಲಿಗೆ ಬಂದೆ. ಎದೆ ಉಬ್ಬಿಸಿದೆ. ಬಾಯಿ ತೆರೆದೆ. ಎದುರಿಗೆ ನಮ್ಮ ಯಜಮಾನರು ತುಟಿಯ ಮೇಲೆ ಬೆರಳಿಟ್ಟುಕೊಂಡು ನಗುತ್ತಿದ್ದರು! ತೆರೆದ ಬಾಯಿ ಹಾಗೇ ಮುಚ್ಚಿತು.

ಸೋಫಾದ ಮೇಲಿಂದ ಅತ್ತೆ ಸೆರಗು ಸರಿಮಾಡಿಕೊಂಡರು.

"ನಾನ ಮಾಡೇನವ್ವಾ. ನಿಮ್ಮದೂ ಒಂದಿದ್ರ ತಗೊಂಡ ಬಾ, ಮಾಡಿಕೊಡ್ತೀನಿ. ಬರೇ ಬ್ರಷ್ ಎಳಿಯೋ ಕೆಲಸಕ್ಕ ನಮ್ಮ ಸೊಸಿ ಇದ್ದಾಳ!"